ತೆರೆದ ಪಿಟೀಲಿನ ಮುಂದೆ ಮಾತಾಡಬಾರದು

ದೆವ್ವಕ್ಕೂ ಒಂದು ರೀತಿ ನೀತಿ ಇರಬೇಕು ಅನ್ನುವವನು ನಾನು. ಬರುವುದಾದರೆ ಅಮಾವಾಸ್ಯೆಯ ದಿನ ಬರಲಿ, ಸರಿಹೊತ್ತಿನಲ್ಲಿ ಬರಲಿ, ಹುಣಸೆಮರದಿಂದ ಇಳಿದು ಬರಲಿ. ನಾವೂ ಸಂಪ್ರದಾಯಸ್ಥರು, ಶಾಸ್ತ್ರೋಕ್ತವಾಗಿ ಹೆದರುತ್ತೇವೆ. ಆದರೆ ಬೆಳ್ಳಂಬೆಳಗಿನಲ್ಲಿ, ಕುಕ್ಕರು ಕೂಗುವ ಹೊತ್ತಿನಲ್ಲಿ, ಅತ್ತೆ ಮೆಂತೆಸೊಪ್ಪು ಸೋಸುತ್ತ ಕೂತಿರುವಾಗ ಬಂದರೆ ಏನು ಮಾಡಬೇಕು? ಹೆದರಿದರೆ ಹೆಂಡತಿ ನಗುತ್ತಾಳೆ. ಹೆದರಬಾರದು ಅಂದುಕೊಂಡರೆ ಮೈಮೇಲಿನ ಕೂದಲು ನಮ್ಮ ಮಾತು ಕೇಳುವುದಿಲ್ಲ. ಬ್ಯಾಂಕಿನಲ್ಲಿ ಆಡಿಟರುಗಳನ್ನೇ ಎದುರಿಸಿದ ಗಂಡು ನಾನು, ಮನೆಯ ಗೋಡೆಯ ಮೇಲಿನ ಒಂದು ಪಿಟೀಲಿಗೆ ಹೆದರಿ ಚಪ್ಪಲಿ ಹುಡುಕಿದ್ದೇನೆ ಅಂದರೆ ನೀವು ನಂಬಲಿಕ್ಕಿಲ್ಲ.

ಆಗ ನನಗೆ ನಾಸಿಕಕ್ಕೆ ವರ್ಗವಾಗಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಕಲಬುರ್ಗಿಯಿಂದ ನಮ್ಮಲ್ಲಿಗೆ ಬಂದರು. ತಂದದ್ದು ಒಂದು ಟ್ರಂಕು, ಒಂದು ಪಿಟೀಲು. ಮಾವ ಶಾಲೆಯ ಮಾಸ್ತರು. ಸಂಜೆಯಾದರೆ ಮಠದ ಭಜನೆಗೆ ಪಿಟೀಲು ನುಡಿಸುತ್ತಿದ್ದರು. "ಪೆಟ್ಟಿಗ್ಯಾಗ ಇಟ್ರ ಅವರಿಗಿ ಉಸಿರು ಕಟ್ತದ ನೋಡ್ರಿ" ಎಂದು ಅತ್ತೆ ಅದನ್ನು ಹಾಲ್‌ನ ಗೋಡೆಗೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿಸಿದರು. ಮರುದಿನ ಸೊಪ್ಪು ಸೋಸುತ್ತ ಗೋಡೆಯ ಕಡೆ ಮುಖ ಮಾಡಿ, "ಏನ್ರೀ, ಇವತ್ತ ಮೆಂತೆ ಪಲ್ಯ ಮಾಡ್ಲ್ಯಾ?" ಅಂದರು. ಪಿಟೀಲು "ಹ್ಞೂಂ" ಅಂದಿತು. ಅತ್ತೆ ತಲೆಯಾಡಿಸಿ ಒಳಗೆ ಹೋದರು. ನಾನು ಚಪ್ಪಲಿ ಹುಡುಕಿದೆ.

ಮೊದಲು ಭ್ರಮೆ ಅಂದುಕೊಂಡೆ. ಆಮೇಲೆ ಪರೀಕ್ಷೆಗೆ ಇಳಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಅದರ ಮುಂದೆ ನಿಂತು ಮಾತಾಡಿದೆ, ಕೆಮ್ಮಿದೆ, ವಚನ ಹೇಳಿದೆ, ಕೊನೆಗೆ ನಾಚಿಕೆ ಬಿಟ್ಟು ಹಾಡಿಯೂ ನೋಡಿದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಬಾಗಿಲು ಬಡಿದು "ಕಾಯ್ ಝಾಲಂ?" ಎಂದು ಏನಾಯಿತೋ ಅಂತ ವಿಚಾರಿಸಿದರೇ ಹೊರತು ಪಿಟೀಲು ತುಟಿಪಿಟಕ್ಕೆನ್ನಲಿಲ್ಲ. ಹೆಂಡತಿಯ ದನಿಗೂ ಇಲ್ಲ, ಕುಕ್ಕರಿನ ಸೀಟಿಗೂ ಇಲ್ಲ. ಅತ್ತೆ ಕೇಳಿದರೆ ಮಾತ್ರ. ಅದೂ ಎಲ್ಲದಕ್ಕೂ ಅಲ್ಲ. ಒಂದು ದಿನ "ಹಾಗಲಕಾಯಿ ಮಾಡ್ಲ್ಯಾ?" ಅಂದರು, ಪಿಟೀಲು ಸುಮ್ಮನಿತ್ತು. "ಅವರಿಗಿ ಮೊದಲಿಂದ ಸೇರಂಗಿಲ್ಲ" ಎಂದು ಅತ್ತೆ ಬದನೆಕಾಯಿ ಕೈಗೆತ್ತಿಕೊಂಡರು. ನನಗೆ ಅವತ್ತು ಹಾಗಲಕಾಯಿ ತಪ್ಪಿದ ಸಂತೋಷಕ್ಕಿಂತ ಬೆನ್ನಹುರಿಯ ಚಳಿಯೇ ಜಾಸ್ತಿಯಾಯಿತು.

ಈ ಚಳಿ ತಾಳಲಾರದೆ ಹೋದದ್ದು ಪಂಚವಟಿಗೆ. ಅಲ್ಲಿ ನದಿಯ ಕಡೆ ಇಳಿಯುವ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ ಪಿಟೀಲು ಮಾಡುವ, ಹಳೆಯದನ್ನು ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಎಲ್ಲರಿಗೂ ಅವರು ಕಾಕಾ. ನಾನು ಹೇಳಿದ್ದನ್ನು ಕೇಳಿ ಅವರು ನಕ್ಕರು. "ಸಾಹೇಬ್, ಒಂದೊಂದು ವಾದ್ಯ ಒಂದೊಂದು ಸ್ವರಕ್ಕೆ ನಡುಗುತ್ತದೆ. ಅಂಚಿನ ಅಂಟು ಬಿಟ್ಟಿದ್ದರೆ ಆ ನಡುಕ ಕೇಳಿಸುತ್ತದೆ. ನಿಮ್ಮ ಅತ್ತೆಯವರ ದನಿ ಸರಿಯಾಗಿ ಅದೇ ಸ್ವರದಲ್ಲಿದೆ, ಅಷ್ಟೆ." ಹಾಗಾದರೆ ಹಾಗಲಕಾಯಿ? ಕಾಕಾ ಕಿವಿ ಕೆರೆದುಕೊಂಡು ಚಹಾ ತರಿಸಿದರು.

ಇದೇ ನೆಪದಲ್ಲಿ ನಾನು ಅವರ ಶಿಷ್ಯನಾದೆ. ಭಾನುವಾರಗಳೆಲ್ಲ ಅಲ್ಲೇ. ಪಿಟೀಲು ಮಾಡುವುದು ಅಂದರೆ ನುಣುಪಾದ ಮರವನ್ನು ತಬ್ಬಿಕೊಂಡು ಕೂರುವುದು ಅಂದುಕೊಂಡಿದ್ದೆ. ಕಾಕಾ ಮಳೆಗಾಲವಿಡೀ ನನ್ನಿಂದ ಉಳಿ ಮಸೆಸಿದರು. ಆಮೇಲೆ ಹಲಗೆ ಬಡಿದು ಕಿವಿಗೊಟ್ಟು ಕೇಳು ಅಂದರು. ನನಗೆ ಎಲ್ಲ ಹಲಗೆಗಳೂ ಹಲಗೆಯ ಹಾಗೇ ಕೇಳಿಸಿದವು. ಮತ್ತೆ ಅಂಟು. ಚರ್ಮ ಬೇಯಿಸಿ ಮಾಡುವ ಆ ಅಂಟನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಕುದಿಯದಂತೆ ಕರಗಿಸಬೇಕು. ಅಭ್ಯಾಸಕ್ಕೆಂದು ಮನೆಗೆ ತಂದು ಒಲೆಯ ಮೇಲಿಟ್ಟೆ ನೋಡಿ, ಅತ್ತೆ ಲಿಂಗಪೂಜೆ ಅರ್ಧಕ್ಕೇ ಬಿಟ್ಟು ಹೊರಗೆ ಬಂದರು. "ಅಳಿಯಂದ್ರ, ಚರ್ಮ ಬೇಯ್ಸಾಕ ಬ್ಯಾಂಕಿನ ನೌಕರಿ ಯಾಕ ಬೇಕಿತ್ರೀ?" ಅಂದವರು ಮೂರು ಸಲ ಅಡುಗೆಮನೆ ತೊಳೆಸಿದರು. ತೊಳೆದವನು ನಾನೇ.

ಕಾಕಾನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಪಿಟೀಲಿನ ಮೇಲಿನ ಹಲಗೆ ತೆಗೆದು ಹೊಟ್ಟೆ ತೆರೆದಿಟ್ಟಾಗ ಯಾರೂ ಮಾತಾಡುವಂತಿಲ್ಲ. ತೆರೆದ ಹೊಟ್ಟೆಯ ಮುಂದೆ ಆಡಿದ ಮಾತು ಒಳಗೇ ಕೂತುಬಿಡುತ್ತದೆ, ಹಲಗೆ ಅಂಟಿಸಿದ ಮೇಲೆ ಹೊರಗೆ ಬರುವುದಿಲ್ಲ ಎಂದು ಅವರ ಅಜ್ಜನ ಕಾಲದ ನಂಬಿಕೆ. ಆಗ ಗಿರಾಕಿ ಬಂದರೆ ಕೈಸನ್ನೆ. ಕಾಕಾನ ಹೆಂಡತಿ ಕಾಕೂ ಚಹಾ ತಂದರೆ ಬಾಗಿಲಲ್ಲಿ ನಿಂತು ಕಪ್ಪುಬಸಿಯನ್ನು ಟಿಣ್ ಅನ್ನಿಸುತ್ತಿದ್ದರು. ವಾಚಾಳಿಯಾದ ನನಗೆ ಇದು ಉಪವಾಸಕ್ಕಿಂತ ಕಷ್ಟ.

ಅಷ್ಟರಲ್ಲಿ ಅತ್ತೆ ಔರಂಗಾಬಾದಿಗೆ ಹೊರಟರು. ಈಗ ಸಂಭಾಜಿನಗರ ಅನ್ನುತ್ತಾರಲ್ಲ, ಅದೇ. ಕಿರಿಯ ಮಗಳ ಗಂಡ ಅಲ್ಲಿ ಶೇಂದ್ರಾದ ಫ್ಯಾಕ್ಟರಿಯಲ್ಲಿದ್ದ. ಹೋಗುವಾಗ ಮಾವ ಪಿಟೀಲು ನುಡಿಸುತ್ತಿದ್ದ ಕಮಾನನ್ನು ಸೀರೆಯಲ್ಲಿ ಸುತ್ತಿಕೊಂಡು ಹೋದರು. ಇದೇ ಸುಸಮಯ ಎಂದು ನಾನು ಪಿಟೀಲನ್ನು ಗೋಡೆಯಿಂದ ಇಳಿಸಿ ಕಾಕಾನ ಹತ್ತಿರ ಒಯ್ದೆ. ದೆವ್ವ ಹೋಗಲಿ, ನನ್ನ ವಿದ್ಯೆಯೂ ಅತ್ತೆಗೆ ಗೊತ್ತಾಗಲಿ ಅಂತ. ಒಳಗೊಂದು ಬಿರುಕೂ ಇದ್ದದ್ದರಿಂದ ಹಲಗೆಯನ್ನೇ ತೆಗೆಯಬೇಕಾಯಿತು. ಕಾಕಾ ತೆಳು ಚಾಕು ಆಡಿಸಿ ಬಿಡಿಸಿದರು. ಒಳಗೆ ಧೂಳೆಲ್ಲ ಸೇರಿ ನೆಲ್ಲಿಕಾಯಿಯಷ್ಟು ಉಂಡೆಯಾಗಿತ್ತು. ಅದರಿಂದ ವಿಭೂತಿಯ ವಾಸನೆ ಬರುತ್ತಿತ್ತು. ಕಾಕಾ ಅದನ್ನು ಕಾಗದದಲ್ಲಿ ಕಟ್ಟಿಟ್ಟು ಬಿಸಿನೀರು ತರಲು ಒಳಗೆ ಹೋದರು. ನಾನು ಮತ್ತು ಹೊಟ್ಟೆ ತೆರೆದ ಪಿಟೀಲು, ಇಬ್ಬರೇ. ಗಲ್ಲಿಯ ಗದ್ದಲವೂ ಒಮ್ಮೆಲೇ ನಿಂತಂತಾಯಿತು. ಯಾರೋ ನನ್ನ ಮಾತಿಗಾಗಿ ಕಾದು ಕೂತಿದ್ದಾರೆ ಅನ್ನಿಸಿತು. ಬಾಯಿ ತಡೆಯಲಿಲ್ಲ. "ಮಾವನವರ, ಸಾಕಿನ್ನ. ಬಾಯಿ ಮುಚ್ಚಿಕೊಂಡು ಆರಾಮ ಇರ್ರಿ" ಅಂದುಬಿಟ್ಟೆ. ಕಾಕಾ ಬಂದರು, ಅಂಟಿಸಿದೆವು. ಮನೆಗೆ ತಂದು ಅದೇ ಮೊಳೆಗೆ ತೂಗುಹಾಕಿದೆ.

ಅತ್ತೆ ವಾಪಸು ಬಂದ ದಿನ ಅವರ ಮುಖದ ಕಳೆಯೇ ಬೇರೆ. ಔರಂಗಾಬಾದಿನ ಹಳೇ ಪೇಟೆಯಲ್ಲಿ ಒಬ್ಬ ಉಸ್ತಾದರನ್ನು ಹುಡುಕಿ ಕಮಾನಿಗೆ ಹೊಸ ಕೂದಲು ಕಟ್ಟಿಸಿಕೊಂಡು ಬಂದಿದ್ದರು. ಕುದುರೆಬಾಲದ ಕೂದಲು! ಮಡಿಯ ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದರು. ಕಾಲು ತೊಳೆದವರೇ ಗೋಡೆಯ ಮುಂದೆ ನಿಂತು, "ಏನ್ರೀ, ನೋಡ್ರಿ, ನಿಮ್ಮ ಕಮಾನಿಗಿ ಹೊಸಾ ಕೂದಲಾ ಹಾಕ್ಸೀನಿ. ಚಲೋ ಆಗ್ಯಾದಲ್ರೀ?" ಅಂದರು. ಪಿಟೀಲು ಸುಮ್ಮನಿತ್ತು. ಮತ್ತೊಮ್ಮೆ ಕೇಳಿದರು. ಸುಮ್ಮನೆ. "ಸಿಟ್ಟಾಗ್ಯಾರ. ಬಿಟ್ಟು ಹೋಗಿದ್ದೆ ನೋಡ್ರಿ, ಅದಕ್ಕ" ಎಂದು ಕಮಾನನ್ನು ಗೂಡಿನಲ್ಲಿಟ್ಟು ಗೋಡೆಗೆ ಬೆನ್ನು ಕೊಟ್ಟು ಕೂತರು. ಆವತ್ತು ಊಟ ಮಾಡಲಿಲ್ಲ. ಮರುದಿನ ಅರ್ಧ ರೊಟ್ಟಿ. ಆಮೇಲಾಮೇಲೆ ಅಡುಗೆ ಏನೆಂದು ಕೇಳುವುದನ್ನೂ ಬಿಟ್ಟರು. "ಅವ್ವ ಹಿಂಗ ಉಣ್ಣದಿದ್ರ ಉಳಿಯಾಂಗಿಲ್ರಿ" ಎಂದು ಹೆಂಡತಿ ಅತ್ತಳು. ದೆವ್ವ ಹೋದ ಮನೆ ಇಷ್ಟು ಭಯಾನಕವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಓಡಿದೆ ಪಂಚವಟಿಗೆ. ಕಾಕಾ ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: "ತೆರೆದಾಗ ಮಾತಾಡಿದಿರಾ?" ತಲೆ ತಗ್ಗಿಸಿದೆ. "ಏನಂದಿರಿ ಅಂತ ನನಗೆ ಹೇಳಬೇಡಿ. ಯಾರಿಗೂ ಹೇಳಬೇಡಿ. ಅವರನ್ನೇ ಕರೆದುಕೊಂಡು ಬನ್ನಿ." ಪಿಟೀಲು ರಿಪೇರಿಯಾಗಬೇಕು ಎಂದಷ್ಟೇ ಹೇಳಿ ಅತ್ತೆಯನ್ನು ಆಟೋದಲ್ಲಿ ಕರೆತಂದೆ. ಕಾಕಾ ಮತ್ತೆ ಹಲಗೆ ಬಿಡಿಸಿ, ಧೂಳಿನ ಉಂಡೆಯನ್ನು ಒಳಗಿಟ್ಟು, ಮಾತಾಡಿ ಎಂದು ಅತ್ತೆಗೆ ಕೈಸನ್ನೆ ಮಾಡಿ ನನ್ನನ್ನು ಹೊರಗೆಳೆದರು. ಒಳಗಿನಿಂದ ಅತ್ತೆಯ ದನಿ ಸಣ್ಣಗೆ ಬಹಳ ಹೊತ್ತು ಕೇಳಿಸುತ್ತಿತ್ತು. ಮಧ್ಯೆ ಮಧ್ಯೆ ನಿಲ್ಲುತ್ತಿತ್ತು, ಎದುರಿನವರ ಮಾತು ಕೇಳಿಸಿಕೊಳ್ಳುವವರ ಹಾಗೆ.

ಕಾಕಾ ಅಂಚಿನುದ್ದಕ್ಕೂ ಬಿಗಿಯಾಗಿ ಅಂಟಿಸಿಕೊಟ್ಟರು. ಮನೆಗೆ ತಂದು ತೂಗುಹಾಕುವ ಮೊದಲು ನಾನೇ ಉಗುರಾಡಿಸಿ ನೋಡಿದೆ, ಕೂದಲೆಳೆಯಷ್ಟೂ ಸಂದಿಯಿರಲಿಲ್ಲ. ನಡುಗಲು ಏನೂ ಉಳಿದಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, "ಏನ್ರೀ, ರೊಟ್ಟಿ ಮಾಡ್ಲ್ಯಾ?" ಅಂದರು.

"ಹ್ಞೂಂ."

ಅತ್ತೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದರು. ಹೊಟ್ಟೆ ತುಂಬ ಉಂಡರು. ನನಗೆ ಸಂತೋಷಕ್ಕೆ ಅಳು ಬಂತು, ಭಯಕ್ಕೆ ತುತ್ತು ಬಾಯಿಗೆ ಹೋಗದೆ ಅಂಗಿಯ ಮೇಲೆ ಬಿತ್ತು. ಅತ್ತೆ ಇನ್ನೊಂದು ರೊಟ್ಟಿ ಬಡಿಸುತ್ತ, ಮೆಲ್ಲಗೆ ಅಂದರು: "ಅಂಜಬ್ಯಾಡ್ರಿ ಅಳಿಯಂದ್ರ. 'ಸಣ್ಣವರು, ಬಾಯಿ ಮುಚ್ಚಿಕೊಂಡು ಆರಾಮ ಇರ್ರಿ ಅಂದ್ರ ಮನಸಿಗಿ ಹಚ್ಕೋಬಾರದು' ಅಂತ ತಿಳಿಸಿ ಹೇಳೀನಿ. ಈಗ ಸಿಟ್ಟಿಲ್ಲ ಅವರಿಗಿ."

ನಾನು ಆಡಿದ ಮಾತು, ಅಕ್ಷರ ಬಿಡದೆ. "ನಿಮಗ... ಯಾರು ಹೇಳಿದ್ರಿ ಅತ್ತಿಯವರ?" ಅಂದೆ. ಅತ್ತೆ ಗೋಡೆಯ ಕಡೆ ಒಮ್ಮೆ ನೋಡಿ, ಇಷ್ಟೂ ತಿಳಿಯದ ಅಳಿಯ ಸಿಕ್ಕನಲ್ಲ ಅನ್ನುವಂತೆ ನನ್ನ ತಟ್ಟೆಗೆ ತುಪ್ಪ ಹಾಕಿದರು.

ಅಂದಿನಿಂದ ನಾನು ಹಾಲ್‌ನಲ್ಲಿ ಮಾತಾಡುವುದು ಕಡಿಮೆ. ಆಡಿದರೂ ಮೊಳೆಯ ಕಡೆ ನೋಡಿ, 'ರೀ' ಹಚ್ಚಿ ಆಡುತ್ತೇನೆ. ಇಷ್ಟು ವರ್ಷ ಮಾತು ಕಡಿಮೆ ಮಾಡ್ರಿ ಎಂದು ಹೇಳಿ ಹೇಳಿ ಸೋತ ನನ್ನ ಹೆಂಡತಿ ಈಗ ಬಹಳ ಖುಷಿಯಲ್ಲಿದ್ದಾಳೆ. "ನಿಮ್ಮ ಕಾಕಾಗ ಹೇಳ್ರಿ, ಬೆಡ್‌ರೂಮಿಗೂ ಒಂದು ಪಿಟೀಲು ಬೇಕಂತ" ಅನ್ನುತ್ತಾಳೆ. ನಾನು ಉತ್ತರ ಕೊಡುವ ಮೊದಲೇ ಗೋಡೆಯಿಂದ "ಹ್ಞೂಂ" ಬರುತ್ತದೆ.