ಐದು ಪುಸ್ತಕಕ್ಕೆ ಎರಡು ಕೋಟು ಬಣ್ಣ

ಚಲಪತಿಯ ಕೈಗೆ ಸಿಕ್ಕ ಹಳೇ ಸಾಮಾನು ಹಳೇದಾಗಿ ಉಳಿದ ಉದಾಹರಣೆ ಇಲ್ಲ. ಮೂವತ್ತು ವರ್ಷದಿಂದ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಅಂಗಡಿ ಬಾಗಿಲು, ಕಿಟಕಿ, ಗೇಟುಗಳಿಗೆ ಬಣ್ಣ ಬಳಿದ ಮನುಷ್ಯ. ತುಕ್ಕು ಕಂಡರೆ ಉಜ್ಜು, ಬಿರುಕು ಕಂಡರೆ ಪುಟ್ಟಿ ಮೆತ್ತು, ಮೇಲೆ ಎರಡು ಕೋಟು ಕೊಡು ಎಂಬುದೇ ಅವನ ಸಕಲ ವೇದಾಂತಸಾರ. ಹೀಗಾಗಿ ಹೆಂಡತಿ ಶ್ಯಾಮಲಾ ತನ್ನ ಅಪ್ಪನ ಪುಸ್ತಕಗಳಿಗೆ ಬೆಲೆ ಕಟ್ಟಿಸೋಣ ಎಂದು ಟ್ರಂಕು ತೆರೆದಾಗ, ಅವುಗಳ ದುರವಸ್ಥೆ ನೋಡಿ ಅವನ ಕರುಳು ಚುರುಕ್ಕೆಂದಿತು.

ಅವಳ ಅಪ್ಪ ಮುನಿಸ್ವಾಮಪ್ಪ ಊರಿಗಾಂ ಗಣಿಯಲ್ಲಿ ಬಿಳಿ ದೊರೆಗಳ ಕಾಲದ ಓದುವ ಕೋಣೆಯೊಂದನ್ನು ಗುಡಿಸುತ್ತಿದ್ದವನು. ಆ ಕೋಣೆ ಮುಚ್ಚಿದ ದಿನ ಮಿಕ್ಕವರು ಕುರ್ಚಿ, ಗಡಿಯಾರ, ಫ್ಯಾನು ಹೊತ್ತುಕೊಂಡು ಹೋದರು. ಓದು ಬಾರದ ಇವನು ಹಕ್ಕಿಗಳ ಬಣ್ಣದ ಚಿತ್ರವಿದ್ದ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ತಂದ. (ಅವನ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳಂತೆ.) ಅವನು ಎದೆರೋಗದಿಂದ ಸತ್ತ ಮೇಲೂ ಶ್ಯಾಮಲಾ ಪ್ರತಿ ಆಯುಧಪೂಜೆಗೆ ಅವಕ್ಕೆ ಕುಂಕುಮ ಇಡುತ್ತಿದ್ದಳು. ಈಗ ಮನೆಯ ಸೂರಿನ ಶೀಟು ಸೋರಿ ಟ್ರಂಕಿಗೂ ನೀರು ಇಳಿದಿತ್ತು. ಕಣ್ಣೆದುರೇ ಕೊಳೆಯುವುದಕ್ಕಿಂತ ಮಾರಿಬಿಟ್ಟು ಶೀಟಾದರೂ ಹಾಕಿಸೋಣ ಎಂದು ಅವಳು ಮನಸ್ಸು ಕಲ್ಲು ಮಾಡಿಕೊಂಡಳು. ಬಂಗಾರಪೇಟೆಯಲ್ಲಿ ಅಂಬಿಕ ಎಂಬ ನಿವೃತ್ತ ಲೈಬ್ರೇರಿಯನ್ ಹಳೆಯ ಪುಸ್ತಕ ನೋಡಿ ಬೆಲೆ ಹೇಳುತ್ತಾರೆಂದು ತಿಳಿದಿತ್ತು. ಭಾನುವಾರ ಹೋಗುವುದೆಂದಾಯಿತು.

ಅಲ್ಲಿಯವರೆಗೆ ಮುಟ್ಟಬೇಡ ಎಂದು ಅವಳು ಎರಡು ಸಲ ಹೇಳಿದ್ದಳು.

“ಎಣ್ಣು ನೋಡಾಕೆ ಬರೋರ ಮುಂದೆ ತಲೆ ಬಾಚ್ದೆ ಕೂರಿಸ್ತಾರಾ?” ಎಂದು ಚಲಪತಿ ಗೊಣಗಿದ. ಅವಳು ಅಂಗನವಾಡಿಯ ಅಡುಗೆಗೆ ಹೋದ ಮೂರು ಹಗಲು ಪುಸ್ತಕೋದ್ಧಾರ ಕಾರ್ಯ ಸಾಂಗವಾಗಿ ನೆರವೇರಿತು. ಹಾಳೆಗಳ ಅಂಚಿಗೆ ಸ್ಯಾಂಡ್‌ಪೇಪರ್ ಬಿತ್ತು. ಬಿರಿದ ಬೆನ್ನಿಗೆ ಪುಟ್ಟಿ, ಚರ್ಮದ ರಟ್ಟಿಗೆ ವಾರ್ನಿಷ್. ಕೆಜಿಎಫ್‌ನಲ್ಲಿ ಚಿನ್ನ ಮುಗಿದರೂ ಚಿನ್ನದ ಬಣ್ಣದ ಡಬ್ಬಕ್ಕೆ ಬರವಿಲ್ಲವಾಗಿ, ಮಾಸಿದ ಅಕ್ಷರಗಳೆಲ್ಲ ಥಳಥಳಿಸಿದವು. ಬಣ್ಣಗೆಟ್ಟ ಗಿಳಿಯೊಂದಕ್ಕೆ ಗೇಟಿಗೆ ತಂದು ಮಿಕ್ಕಿದ್ದ ಹಸಿರು ಎನಾಮಲ್ ದೊರೆಯಿತು. ಐದನ್ನೂ ಪೇಪರಿನಲ್ಲಿ ಸುತ್ತಿ, ಹಗ್ಗ ಬಿಗಿದು, ಹೆಂಡತಿಗೂ ತೋರಿಸದೆ ಇಟ್ಟ. ಅಲ್ಲೇ ನೋಡಿ ಅವಳೂ ಬೆರಗಾಗಲಿ ಎಂದು.

ಭಾನುವಾರ ಅಂಬಿಕ ಪೇಪರು ಬಿಚ್ಚಿದರು. ಥಿನ್ನರ್ ವಾಸನೆ ಗಪ್ಪೆಂದು ಏರಿತು. ಅವರು ಎದ್ದು ಕಿಟಕಿ ತೆರೆದು ಬಂದು, ಭೂತಗನ್ನಡಿ ಹಿಡಿದು ಒಂದೊಂದನ್ನೇ ಬಹಳ ಹೊತ್ತು ನೋಡಿದರು. ಗಿಳಿಯಿದ್ದ ಪುಟ ಎದುರಿನ ಪುಟಕ್ಕೆ ಅಂಟಿ ಕೂತಿತ್ತು. ಶ್ಯಾಮಲಾ ಪುಸ್ತಕಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

ಮೂಲೆ ಸವೆದಿದ್ದರೆ ಇಷ್ಟು, ಹೊಲಿಗೆ ಸಡಿಲವಾಗಿದ್ದರೆ ಇಷ್ಟು, ಹುಳದ ತೂತಿಗೆ, ನೀರಿನ ಕಲೆಗೆ ಇಷ್ಟು ಎಂದು ಬೆಲೆಯಲ್ಲಿ ಕಳೆಯುತ್ತಾ ಹೋಗುತ್ತೇವೆ, ಕಳೆದರೂ ಏನಾದರೂ ಉಳಿಯುತ್ತದೆ ಎಂದು ಅಂಬಿಕ ಮೆಲ್ಲಗೆ ವಿವರಿಸಿದರು. ಇದ್ದ ಹಾಗೇ ತಂದಿದ್ದರೆ ಮನೆಗೆ ಶೀಟೇನು, ಸಿಮೆಂಟಿನ ಮೋಲ್ಡೇ ಹಾಕಿಸಬಹುದಿತ್ತಂತೆ.

“ಈಗ ಕಳೆಯೋಕೆ ಏನೂ ಇಲ್ಲ ಚಲಪತಿಯವರೇ,” ಎಂದರು. ಆಮೇಲೆ ಒಂದರ ಮೊದಲ ಪುಟ ತೆರೆದು, “ಇಲ್ಲಿದ್ದ ಖಾಲಿ ಹಾಳೆ ಎಲ್ಲಿ?” ಎಂದು ಕೇಳಿದರು.

“ಖಾಲಿ ಎಲ್ಲಿತ್ತಮ್ಮ? ಯಾರೋ ಪೆನ್ಸಿಲ್‌ನಾಗೆ ತುಂಬಾ ಗೀಚಿದ್ರು. ಕಿತ್ತು ಬ್ರಷ್ ಒರೆಸ್ದೆ.”

“ಅದು ನಮ್ಮಪ್ಪ ಸೈನು ಕಲ್ತಿದ್ದು,” ಎಂದಳು ಶ್ಯಾಮಲಾ. “ಎಬ್ಬೆಟ್ಟು ಒತ್ತಾಕೆ ನಾಚ್ಕೆ ಆಗ್ತದೆ ಅಂತ.”

ಅಂಬಿಕ ಪುಸ್ತಕಗಳನ್ನು ಜೋಡಿಸುತ್ತಾ, ಇವು ಆರು ಸಂಪುಟ ಇರಬೇಕು, ನಾಲ್ಕನೆಯದು ಕಾಣುತ್ತಿಲ್ಲ ಎಂದರು. ಚಲಪತಿಗೆ ಗೊತ್ತಿರಲಿಲ್ಲ, ಅವನು ಎಣಿಸಿಯೇ ಇರಲಿಲ್ಲ. ಶ್ಯಾಮಲಾ ಕುಡಿಯಲು ನೀರು ಕೇಳಿದಳು.

ವಾಪಸು ರೈಲಿನಲ್ಲಿ ಅವಳು ಬಾಯಿ ಬಿಡಲಿಲ್ಲ. ಬಯ್ಗುಳದಲ್ಲಿ ಇಪ್ಪತ್ತೆಂಟು ವರ್ಷ ಪಳಗಿದ್ದ ಚಲಪತಿಗೆ ಈ ಮೌನಕ್ಕೆ ಎಲ್ಲಿ ಕೈ ಹಚ್ಚಬೇಕೋ ತಿಳಿಯಲಿಲ್ಲ. ಅವಳ ಅಪ್ಪನ ಕೈಬರಹ ಕಿತ್ತ ಬೆರಳುಗಳನ್ನು ಪಂಚೆಯಲ್ಲಿ ಅಡಗಿಸಿಕೊಂಡ. ಕೋರಮಂಡಲ ಸ್ಟೇಷನ್ ದಾಟಿದ ಮೇಲೆ ತಡೆಯಲಾಗದೆ, “ಏನಾರ ಬಯ್ಯೇ,” ಎಂದ.

ಅವಳು ಕಿಟಕಿಯಾಚೆಯ ಗಣಿಮಣ್ಣಿನ ಬೂದು ದಿಬ್ಬಗಳನ್ನೇ ನೋಡುತ್ತಾ, “ನಾಕ್ನೇದು ಐತೆ,” ಎಂದಳು. “ಅಪ್ಪ ದಿನಾ ನೋಡ್ತಿದ್ದ ನವಿಲು ಅದ್ರಾಗೈತೆ. ಮಾರಾಕಲ್ಲ ಅಂತ ಮೊದ್ಲೇ ತೆಗ್ದಿಟ್ಟೆ.”

ಚಲಪತಿಗೆ ಹೋದ ಜೀವ ಬಂತು. ಕೆಡದೆ ಒಂದಾದರೂ ಉಳಿಯಿತಲ್ಲ ಎಂದು ಕಣ್ಣು ಒದ್ದೆಯಾಯಿತು. ಆ ಸಂತೋಷದಲ್ಲಿ, ಅದರ ಬೆನ್ನು ಬಿರಿದಿದೆಯೇ, ಬಿರಿದಿದ್ದರೆ ಒಂಚೂರು ಗೋಂದು ಹಚ್ಚಿದರೆ ಸಾಕಲ್ಲ ಎಂದೂ ಅಂದುಬಿಟ್ಟ.

ಶ್ಯಾಮಲಾ ತಿರುಗಿ ನೋಡಿದಳು.

“ಎಲ್ಲಿಟ್ಟಿದ್ದೀ?” ಎಂದ ಅವನು, ದನಿ ತಗ್ಗಿಸಿ.

“ನಿಂಗೇಳಲ್ಲ.”

“ಗೆದ್ಲು ಇಡೀತದೆ ಕಣೇ.”

“ಇಡೀಲಿ. ಗೆದ್ಲಾದ್ರೆ ಅರ್ಧನಾದ್ರೂ ಬಿಡ್ತದೆ,” ಎಂದು ಅವಳು ಪುಸ್ತಕದ ಗಂಟನ್ನು ಅವನ ತೊಡೆಯ ಮೇಲಿಟ್ಟು, ಇಳಿಯಲು ಬಾಗಿಲ ಕಡೆ ನಡೆದಳು.