ಬಟಾಣಿಯ ಮುಖ ಯಾವ ಕಡೆಗೆ?

ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಇಡೀ ಸರ್ವಿಸ್ ಕಳೆದು ನಿವೃತ್ತನಾದ ನನಗೆ, ಒಂದು ನಾಯಿಯ ಬಾಯಿ ಮುಚ್ಚಿಸುವುದು ಯಾವ ಲೆಕ್ಕ! ಮೋಟಾರಿನೊಳಗೆ ಎಲ್ಲೋ ಒಂದು ಬೇರಿಂಗ್ ಗೊರ ಗೊರ ಅಂದರೆ, ದೂರದಲ್ಲಿ ನಿಂತೇ ಇಂಥದ್ದು ಅಂತ ಬೆರಳು ಮಾಡಿ ತೋರಿಸುತ್ತಿದ್ದವನು ನಾನು. ಹಾಗಾಗಿ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಹೆಂಡತಿ ಪುಟ್ಟಲಕ್ಷ್ಮಿಯ ಎದುರು ಗಂಭೀರವಾಗಿ ಘೋಷಿಸಿದೆ. ಬರುವ ಭಾನುವಾರದೊಳಗೆ ನಮ್ಮ ನಾಯಿ ಬಟಾಣಿ ರಾತ್ರಿ ಹೊತ್ತು ಗಟ್ಟಿಯಾಗಿ ಉಸಿರಾಡುವುದನ್ನೂ ಮರೆತಿರುತ್ತದೆ ಅಂದೆ.

"ಅದಕ್ಕೆ ಒಂಟಿ ಅನ್ಸುತ್ತೆ ಕಣ್ರೀ. ಪಕ್ಕದಲ್ಲಿ ಯಾರಾದ್ರೂ ಮಲ್ಕೊಂಡ್ರೆ ಸುಮ್ನಾಗುತ್ತೆ," ಅಂದಳು ಅವಳು, ದೋಸೆ ಮಗುಚುತ್ತಾ.

ಪರೀಕ್ಷೆಯಿಲ್ಲ, ಪರಿಶೀಲನೆಯಿಲ್ಲ, ಒಲೆಯ ಮುಂದೆ ನಿಂತು ಕೊಟ್ಟ ತೀರ್ಪು. ಅದನ್ನು ನಾನು ಒಪ್ಪುವುದುಂಟೆ? ನಕ್ಕುಬಿಟ್ಟೆ.

ಬಟಾಣಿ ನಮ್ಮ ಮಗಳು ನಂದಿತಾ ಬೀದಿಯಿಂದ ಎತ್ತಿಕೊಂಡು ಬಂದ ನಾಯಿ. ತಂದಾಗ ಅಂಗೈಯಲ್ಲಿ ಹಿಡಿಸುವಷ್ಟಿತ್ತು, ಅದಕ್ಕೇ ಆ ಹೆಸರು. ಈಗ ಅದರ ಗಾತ್ರ ನೋಡಿ ಕೊರಿಯರ್‌ನವರು ರಸ್ತೆಯ ಆ ಬದಿಯಿಂದಲೇ ಫೋನ್ ಮಾಡುತ್ತಾರೆ. ನಂದಿತಾ ಮದುವೆಯಾಗಿ ಹೆಬ್ಬಾಳದ ಫ್ಲಾಟಿಗೆ ಹೋದಾಗ ಅಲ್ಲಿನ ಮಾಲೀಕರು ನಾಯಿಗೆ ಒಪ್ಪಲಿಲ್ಲ. ಅಲ್ಲಿಯವರೆಗೂ ಅವಳ ಮಂಚದ ಕೆಳಗೆ ಮಲಗುತ್ತಿದ್ದ ಪ್ರಾಣಿಯನ್ನು, ನಾಯಿ ಮನೆಯೊಳಗೆ ಮಲಗಬಾರದು ಎಂಬ ನನ್ನ ಕಾನೂನಿನ ಪ್ರಕಾರ ವರಾಂಡಕ್ಕೆ ವರ್ಗಾಯಿಸಿದೆ. ಅಂದಿನಿಂದಲೇ ಶುರುವಾಯಿತು. ರಸ್ತೆಯ ದೀಪ ಹತ್ತುವವರೆಗೆ ಸಾಧು. ಮನೆಯ ದೀಪ ಆರಿದ ಮೇಲೆ ಅತ್ತಿಂದಿತ್ತ ಓಡಾಟ, ಚೈನಿನ ಝಣಝಣ, ಆಮೇಲೆ ಕತ್ತು ಮೇಲೆತ್ತಿ ನಮ್ಮ ಬಡಾವಣೆ ಸಿಂಗಾಪುರದ ಅಷ್ಟೂ ಮನೆಗಳಿಗೆ ಕೇಳುವಂತೆ ಒಂದು ದೀರ್ಘವಾದ ಊಳು.

ನಾನು ಕ್ರಮವಾಗಿ ಕಾರಣಗಳನ್ನು ಹುಡುಕಲು ಕೂತೆ. ಹಸಿವು ಇರಬೇಕು ಅಂತ ರಾತ್ರಿ ಒಂದು ದೊಡ್ಡ ರಾಗಿ ಮುದ್ದೆ ಹಾಕಿಸಿದೆ. ಹೊಟ್ಟೆ ತುಂಬಿದ್ದರಿಂದ ದನಿ ಇನ್ನೂ ದಪ್ಪವಾಯಿತು. ಮೈ ದಣಿದಿಲ್ಲ ಅಂತ ಸಂಜೆ ಕೆರೆಯ ಸುತ್ತ ಓಡಿಸಿದೆ. ಅಥವಾ ಅದು ನನ್ನನ್ನು ಓಡಿಸಿತು. ಮರುದಿನ ಎದ್ದವನೇ, ನೋಡು, ರಾತ್ರಿಯೆಲ್ಲಾ ತೆಪ್ಪಗಿತ್ತು ಅಂತ ಬೀಗಿದೆ. ತೆಪ್ಪಗಿದ್ದದ್ದು ನಿಮ್ಮ ಕಿವಿ, ನಾಯಿಯಲ್ಲ ಅಂದಳು ಹೆಂಡತಿ. ಯಜಮಾನರ ಬೆವರಿನ ಬಟ್ಟೆ ಹತ್ತಿರವಿದ್ದರೆ ನಾಯಿಗೆ ಧೈರ್ಯ ಬರುತ್ತದೆ ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದರು. ನನ್ನ ಬನಿಯನ್ ಹಾಕಿದೆ. ಬಟಾಣಿ ಅದನ್ನು ಮೂಸಿ ನೋಡಿ, ಕಚ್ಚಿಕೊಂಡು ಹೋಗಿ, ಚೈನು ಎಟಕುವಷ್ಟು ದೂರದಲ್ಲಿ ಬಿಟ್ಟು ಬಂದು, ಆಮೇಲೆ ಊಳಿಟ್ಟಿತು.

ಇಲ್ಲಿಯವರೆಗೆ ಇದೆಲ್ಲ ನನಗೆ ಆಟವೇ ಆಗಿತ್ತು. ಆಟ ನಿಂತದ್ದು ಪಕ್ಕದ ಮನೆಯ ಮುನಿಕೃಷ್ಣಮ್ಮ ಗೇಟಿನ ಹತ್ತಿರ ಬಂದು ನಿಂತ ದಿನ.

ಅವರದು ಸಿಂಗಾಪುರ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆತನ. ನಾವು ಸೈಟು ಕೊಂಡು ಮನೆ ಕಟ್ಟಿರುವ ಜಾಗದಲ್ಲಿ ಹಿಂದೆ ಅವರ ಅವರೆ ಹೊಲ ಇತ್ತಂತೆ. ಗಂಡ ನರಸಯ್ಯನವರಿಗೆ ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದು ಸ್ವಲ್ಪ ದಿನವಾಗಿತ್ತು. ನಮ್ಮ ವರಾಂಡಕ್ಕೆ ಎದುರಾಗಿರುವ ಕಿಟಕಿಯ ಒಳಗೇ ಅವರ ಮಂಚ. ನಾನು, ನಾಯಿಯ ಗಲಾಟೆಗೆ ಬೈಯಲು ಬಂದಿದ್ದಾರೆ ಅಂದುಕೊಂಡು ಕ್ಷಮೆ ಕೇಳಲು ಹೊರಟೆ. ಆಕೆ ತಮ್ಮ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ಬೊಗಳಿದ್ರೆ ನಂಗೇನೂ ಇಲ್ಲ ಸಾರ್. ಅದು ಊಳಿಡ್ತದೆ. ನಮ್ಮನೆ ಕಡೀಕೇ ಮಕ ಮಾಡ್ಕೊಂಡು ಊಳಿಡ್ತದೆ."

ನಾಯಿ ಊಳಿಟ್ಟರೆ ಯಾರ ಮನೆಗೋ ಸಾವಿನ ಕರೆ ಬಂತು ಅನ್ನುವುದನ್ನು ನಾನೂ ಚಿಕ್ಕಂದಿನಿಂದ ಕೇಳಿದವನೇ. ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವನು. ಆದರೆ ಗಂಡನನ್ನು ಈಗಷ್ಟೇ ಆಸ್ಪತ್ರೆಯಿಂದ ಜೀವಸಹಿತ ಕರೆತಂದ ಹೆಂಗಸಿನ ಎದುರು ಅದನ್ನು ಹೇಗೆ ಹೇಳಲಿ? ನಾಯಿಯನ್ನು ಎಲ್ಲಾದರೂ ಬಿಟ್ಟುಬನ್ನಿ ಅಂತ ಆಕೆ ಕೇಳಲಿಲ್ಲ. ಮೂಕಪ್ರಾಣಿ, ಅದಕ್ಕೇನು ಗೊತ್ತು ಅಂದರು. ಅದರ ಮುಖವನ್ನು ಬೇರೆ ಕಡೆ ತಿರುಗಿಸಿ ಕಟ್ಟಿದರೆ ಸಾಕು ಅಂತ ಕೇಳಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ಮುಖ ತಿರುಗಿಸುವ ಯೋಜನೆಗೆ ನನ್ನ ಅನುಭವವನ್ನೆಲ್ಲ ಧಾರೆಯೆರೆದೆ. ಗೂಟವನ್ನು ಈ ಮೂಲೆಯಿಂದ ಆ ಮೂಲೆಗೆ ಬದಲಾಯಿಸಿದೆ. ಅಟ್ಟದಿಂದ ಫ್ರಿಜ್ಜಿನ ಹಳೆಯ ರಟ್ಟಿನ ಪೆಟ್ಟಿಗೆ ಇಳಿಸಿ, ಪಕ್ಕದ ಮನೆ ಕಾಣದ ಹಾಗೆ ಅಡ್ಡ ನಿಲ್ಲಿಸಿದೆ. ಬಟಾಣಿಯ ಮುಂದೆ ಈಗ ಬರೀ ನಮ್ಮದೇ ಗೋಡೆ. ದೀಪ ಆರಿತು. ಬಟಾಣಿ ಎದ್ದು, ಮೈ ಕೊಡವಿ, ರಟ್ಟಿನ ಮೇಲೆ ಮುಂಗಾಲು ಊರಿ ನಿಂತು, ಕುತ್ತಿಗೆಯನ್ನು ನೇರ ನರಸಯ್ಯನವರ ಕಿಟಕಿಗೆ ತಿರುಗಿಸಿ ಊಳಿಟ್ಟಿತು. ನಾಯಿಗೆ ಕುತ್ತಿಗೆ ಎಂಬುದೊಂದು ಇರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಓಡಿಬಂದು ಅದರ ಮೂತಿ ಹಿಡಿದು ನಿಂತಾಗ ಪಕ್ಕದ ಮನೆಯ ನಡುಮನೆಯಲ್ಲಿ ದೀಪ ಹತ್ತಿತು. ಮುನಿಕೃಷ್ಣಮ್ಮ ಎದ್ದು ಹೋಗಿ ದೇವರ ಪಟದ ಮುಂದೆ ಕೂತದ್ದು ಕಾಣಿಸಿತು. ಕೈ ಮುಗಿದವರು ಕೈ ಇಳಿಸಲೇ ಇಲ್ಲ. ನಾನು ಜಾಣತನ ತೋರಿಸಿಕೊಂಡು ಕಾಲ ಕಳೆದ ಪ್ರತಿ ರಾತ್ರಿಯೂ ಈ ಹೆಂಗಸು ಹೀಗೆ ಕೂತಿದ್ದಿರಬೇಕು.

ಒಳಗೆ ಹೋಗಿ ಚಾಪೆ, ದಿಂಬು, ಮಂಕಿಕ್ಯಾಪು ತಂದೆ. ಬಟಾಣಿಯ ಪಕ್ಕದಲ್ಲೇ ವರಾಂಡದಲ್ಲಿ ಮಲಗಿದೆ. ಅದು ಒಂದು ನಿಟ್ಟುಸಿರು ಬಿಟ್ಟು, ತನ್ನ ತಲೆಯನ್ನು ನನ್ನ ಕಾಲ ಮೇಲಿಟ್ಟು, ಬೆಳಗಾಗುವವರೆಗೆ ಮಿಸುಕಲಿಲ್ಲ. ಬೆಳಿಗ್ಗೆ ಪುಟ್ಟಲಕ್ಷ್ಮಿ ಕಾಫಿ ತಂದು ಚಾಪೆಯ ಪಕ್ಕ ಇಟ್ಟಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ವಾರವಿಡೀ ಹಾಗೇ ಮಲಗಿದೆ. ನಾನು ಚಾಪೆ ತರುವುದು ತಡವಾದರೆ ಬಟಾಣಿ ಬಾಗಿಲು ಕೆರೆದು ಕರೆಯುತ್ತಿತ್ತು. ಸೊಂಟ ಹಿಡಿಯಿತು, ನೆಗಡಿ ಆಯಿತು, ಊಳು ಮಾತ್ರ ಪೂರ್ತಿ ನಿಂತಿತು. ಸೊಂಟ ಕೊಂಚ ನೆಟ್ಟಗಾದ ಕೂಡಲೇ, ನರಸಯ್ಯನವರ ಆರೋಗ್ಯ ವಿಚಾರಿಸುವ ನೆಪದಲ್ಲಿ ಹೊಗಳಿಸಿಕೊಳ್ಳಲು ಪಕ್ಕದ ಮನೆಗೆ ಹೋದೆ. ಹೊಗಳಿಕೆ ಧಾರಾಳವಾಗಿಯೇ ಸಿಕ್ಕಿತು. ಮುನಿಕೃಷ್ಣಮ್ಮ ಅವರೆಕಾಳು ಉಪ್ಪಿಟ್ಟು ಕೊಟ್ಟು, ನೀವು ಮನುಷ್ಯರಲ್ಲ, ದೇವರು ಅಂದರು. ಅಲ್ಲ ಅಲ್ಲ ಅನ್ನುತ್ತಲೇ ಇನ್ನಷ್ಟು ಉಪ್ಪಿಟ್ಟು ಹಾಕಿಸಿಕೊಂಡೆ. ಆಕೆ ಕಾಫಿ ತರಲು ಒಳಗೆ ಹೋದರು. ಮಂಚದ ಮೇಲೆ ಒರಗಿದ್ದ ನರಸಯ್ಯನವರು ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ನಿಮ್ ನಾಯಿ ಏನಾಯ್ತು ಸಾರ್? ಓಯ್ತಾ?"

ಚೆನ್ನಾಗಿದೆ, ಈಗ ಸುಮ್ಮನೆ ಮಲಗುತ್ತೆ ಅಂದೆ, ಹೆಮ್ಮೆಯಿಂದಲೇ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ನಿಧಾನವಾಗಿ, ಉಸಿರು ಎಳೆದುಕೊಳ್ಳುತ್ತಾ ಹೇಳಿದರು.

"ಆಸ್ಪತ್ರೇಲಿ ತಲೆ ಪಕ್ಕ ಒಂದು ಮಿಸ್ಸಿನ್ನು ಕುಯ್ಯ್ ಕುಯ್ಯ್ ಅಂತಿತ್ತು. ಎಚ್ಚರಾದಾಗೆಲ್ಲ ಅದು ಕೇಳಿಸ್ತಿತ್ತು. ಸರಿ, ಇನ್ನೂ ಬದ್ಕಿವ್ನಿ ಅಂತ ನಿದ್ದೆ ಮಾಡ್ತಿದ್ದೆ. ಮನೆಗೆ ಬಂದ್ಮೇಲೆ ನಿಮ್ ನಾಯಿ ಇತ್ತು. ಈಗ ಎಚ್ಚರಾದ್ರೆ ಒಂದು ಸದ್ದೂ ಇಲ್ಲ. ಕತ್ಲು. ಇವ್ನೋ ಇಲ್ವೋ ಅನ್ನಾದೇ ಗೊತ್ತಾಗಾಕಿಲ್ಲ. ಬೆಳಕಾಗಗಂಟ ಅಂಗೇ ಕಣ್ಬಿಟ್ಕೊಂಡಿರ್ತೀನಿ."

ನನ್ನ ಬಾಯೊಳಗಿನ ಉಪ್ಪಿಟ್ಟು ಅಲ್ಲೇ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಮುನಿಕೃಷ್ಣಮ್ಮ. ಎಲ್ಲ ಕೇಳಿಸಿಕೊಂಡಿದ್ದರು. ಲೋಟವನ್ನು ನನ್ನ ಕೈಗಿಟ್ಟು, ಗಂಡನ ಹೊದಿಕೆ ಸರಿಮಾಡಿ, ಒಳಗೆ ಹೋದರು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಸಾಯಂಕಾಲ ಆಕೆ ಮತ್ತೆ ಗೇಟಿನ ಹತ್ತಿರ ಬಂದರು.

"ನಾಯೀನ ಒಂಟಿಯಾಗಿ ಕಟ್ಟಾಕಿ ಸಾರ್. ಊಳಿಡ್ಲಿ."

ಮತ್ತೆ ನಿಮ್ಮ ಹೆದರಿಕೆ, ಅಂತ ಏನೋ ಗೊಣಗಿದೆ.

"ಅದೇನು ಬರ್ತದೋ ಬರ್ಲಿ, ನಾನು ಎದ್ದು ಕೂತಿರ್ತೀನಿ. ಅವ್ರು ನಿದ್ದೆ ಮಾಡ್ಲಿ."

ಅಷ್ಟು ಹೇಳಿ ಹೊರಟುಹೋದರು. ಇಷ್ಟು ಹೆದರುವ ಹೆಂಗಸು, ಇಷ್ಟು ಧೈರ್ಯ! ಕಣ್ಣು ತುಂಬಿ ಬಂತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಂದು ರಾತ್ರಿ ಚಾಪೆ ಸುತ್ತಿ ಒಳಗಿಟ್ಟು, ಬಾಗಿಲು ಹಾಕಿಕೊಂಡು, ಊಳಿಗಾಗಿ ಕಿವಿಗೊಟ್ಟು ಕೂತೆ. ಕೇಳಿಸಿದ್ದು ಬಾಗಿಲು ಕೆರೆಯುವ ಸದ್ದು. ತೆರೆದು ನೋಡಿದರೆ ಬಟಾಣಿ ಬಾಲ ಆಡಿಸಿತು. ಹಾಕಿಕೊಂಡರೆ ಮತ್ತೆ ಕೆರೆತ. ಕೆರೆದರೆ ಯಜಮಾನ ಚಾಪೆ ತರುತ್ತಾನೆ ಎಂದು ತಿಳಿದ ಮೇಲೆ ಯಾವ ನಾಯಿ ಗಂಟಲು ನೋಯಿಸಿಕೊಳ್ಳುತ್ತದೆ? ಹೊರಗೆ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡೆ. ಒಂದೇ ಒಂದು ಸಲ, ಬಟಾಣಿ, ಒಂದು ಚಿಕ್ಕದು. ಅದು ಆಕಳಿಸಿ, ನನ್ನ ಕಾಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿತು.

ಎದುರಿನ ಕಿಟಕಿಯಲ್ಲಿ ಮಂದ ದೀಪ ಉರಿಯುತ್ತಿತ್ತು. ನರಸಯ್ಯನವರು ದಿಂಬಿಗೆ ಒರಗಿ ಕೂತಿರುವ ನೆರಳು. ಪಕ್ಕದಲ್ಲಿ ಕುರ್ಚಿಯ ಮೇಲೆ ಮುನಿಕೃಷ್ಣಮ್ಮನ ನೆರಳು. ಆಕೆ ಬಂದದ್ದನ್ನು ಎದುರಿಸಲು ಕೂತಿದ್ದಾರೆ, ಈತ ಇರುವುದು ಖಾತ್ರಿಯಾಗಲೆಂದು ಕಾಯುತ್ತಿದ್ದಾರೆ, ಇಬ್ಬರಿಗೂ ಬೇಕಾದ ಆ ಒಂದು ಸದ್ದು ನನ್ನಿಂದಾಗಿಯೇ ನಿಂತುಹೋಗಿದೆ. ಎಂಥ ಕೆಲಸ ಮಾಡಿಟ್ಟೆ ಅನಿಸಿತು.

ರಸ್ತೆಯ ಆ ತುದಿ ನೋಡಿದೆ, ಈ ತುದಿ ನೋಡಿದೆ. ಯಾರೂ ಇಲ್ಲ. ರಟ್ಟಿನ ಪೆಟ್ಟಿಗೆಯ ಮರೆಯಲ್ಲಿ ಮಂಡಿಯೂರಿದೆ. ಮಂಕಿಕ್ಯಾಪನ್ನು ಗಲ್ಲದವರೆಗೆ ಎಳೆದುಕೊಂಡು, ಆಕಾಶಕ್ಕೆ ಮುಖವೆತ್ತಿ, ಒಳಗಿದ್ದ ಗಾಳಿಯನ್ನೆಲ್ಲ ಸೇರಿಸಿ, ಸನ್ಮಾನ್ಯ ನಿವೃತ್ತ ಅಧಿಕಾರಿ ರಘುನಾಥನಾದ ನಾನು, ಊಳಿಟ್ಟೆ.

ಬಟಾಣಿ ಎದ್ದು ಕೂತಿತು. ನನ್ನನ್ನು ಆಪಾದಮಸ್ತಕ ನೋಡಿ, ಎರಡು ಹೆಜ್ಜೆ ಹಿಂದೆ ಸರಿಯಿತು. ಒಳಗಿನಿಂದ ಪುಟ್ಟಲಕ್ಷ್ಮಿ ಬಾಗಿಲು ತೆರೆದು, ನೋಡಿ, ಹಾಗೇ ಮೆಲ್ಲಗೆ ಮುಚ್ಚಿಕೊಂಡಳು. ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡುವವನಲ್ಲ ನಾನು. ಇನ್ನೊಂದು ಸಲ, ಕೊನೆಯಲ್ಲಿ ಸ್ವಲ್ಪ ನಡುಕ ಸೇರಿಸಿ, ಇನ್ನೂ ಉದ್ದಕ್ಕೆ ಎಳೆದೆ.

ಎದುರಿನ ಕಿಟಕಿಯ ಬಾಗಿಲು ತೆರೆಯಿತು. ಮೊದಲು ಮುನಿಕೃಷ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿರುವುದು ಕೇಳಿಸಿತು. ಆಮೇಲೆ ನರಸಯ್ಯನವರ ದನಿ, ನಿದ್ದೆ ತುಂಬಿದ ದನಿ.

"ನಾಯಿಯಷ್ಟು ಚೆನ್ನಾಗಿಲ್ಲ ಸಾರ್, ಆದ್ರೂ ನಡೀತದೆ. ನಾಳೀಕೆ ವಸಿ ಬೇಗ ಸುರು ಮಾಡಿ."