ಹೊಳನಗದ್ದೆಯಿಂದ ಬಂದ ಟೂರಿಸ್ಟು

ನನ್ನ ನಾದಿನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನೇಕೆ ಬಾಯಿ ನೋಯಿಸಿಕೊಳ್ಳಲಿ? ನಾನು ಹೇಳುವುದು ಇಷ್ಟೇ: ಹುಟ್ಟಿದಂದಿನಿಂದ ಸಮುದ್ರದ ದಂಡೆಯಲ್ಲೇ ಬದುಕಿದ ಹೆಂಗಸು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಸಮುದ್ರ ನೋಡಲು ಪ್ರವಾಸ ಹೊರಡುತ್ತಾಳೆ. ಎಲ್ಲಿಗೆ? ನಮ್ಮ ಮನೆಗೆ!

ಅವಳ ಮನೆ ಕುಮಟೆಯ ಹತ್ತಿರ ಹೊಳನಗದ್ದೆ, ನನ್ನದು ಭಟ್ಕಳದ ಹತ್ತಿರ ಹೆಬಳೆ. ಅಲ್ಲಿಯೂ ಅದೇ ಉಪ್ಪುನೀರು, ಇಲ್ಲಿಯೂ ಅದೇ. ಅಲ್ಲಿಯ ಬಂಗಡೆಗೂ ಇಲ್ಲಿಯ ಬಂಗಡೆಗೂ ಪರಿಚಯ ಇದ್ದರೂ ಇದ್ದೀತು!

ಡಿಸೆಂಬರ್ ಕೊನೆ ಬಂತೆಂದರೆ ನಮ್ಮ ಕರಾವಳಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲೆ ಮಕ್ಕಳ ಬಸ್ಸು, ಹೊಸ ಮದುಮಕ್ಕಳ ಕಾರು, ದಂಡೆಯುದ್ದಕ್ಕೂ ಬಣ್ಣದ ಲೈಟು, ಕಿವಿ ಹರಿಯುವ ಹಾಡು. ನಾದಿನಿಯ ಮಗ ಮನೆಯ ಎದುರಿನ ಎರಡು ಕೋಣೆಗಳನ್ನು ಇಂಥವರಿಗೆ ಬಾಡಿಗೆಗೆ ಬಿಡುತ್ತಾನೆ. ವರ್ಷವಿಡೀ ಅವರಿಗೆ ದೋಸೆ ಹುಯ್ದು, ಮೀನು ಹುರಿದು ಹಾಕುವವಳು ಇವಳೇ. ಆದರೆ ವರ್ಷದ ಕೊನೆಯ ಹತ್ತು ದಿನ ಮಾತ್ರ ಮಗ ಬೇರೆ ಅಡುಗೆಯವಳನ್ನು ಹುಡುಕಿಕೊಳ್ಳಬೇಕು. "ಲೋಕಕ್ಕೆಲ್ಲಾ ರಜೆ ಉಂಟು. ನಂಗೂ ಉಂಟು" ಎಂದು ಇವಳ ಆರ್ಡರು.

ಮೊದಲ ವರ್ಷ ಅವಳು ಬಸ್ಸಿಂದ ಇಳಿದಾಗ ನನಗೆ ಗುರುತೇ ಸಿಗಲಿಲ್ಲ. ಮೈಮೇಲೆ ಇದ್ದದ್ದೆಲ್ಲ ಪ್ರವಾಸಿಗರು ಕೋಣೆಯಲ್ಲಿ ಮರೆತು, ಫೋನು ಮಾಡಿದರೆ "ಬೇಡ, ನೀವೇ ಇಟ್ಕೊಳ್ಳಿ" ಎಂದ ಸಾಮಾನು. ತಲೆಗೆ ಬೆಳಗಾವಿಯವರ ಹುಲ್ಲಿನ ಟೋಪಿ. ಕಣ್ಣಿಗೆ ಹುಬ್ಬಳ್ಳಿಯ ಮದುಮಗಳ ಕಪ್ಪು ಕನ್ನಡಕ. ಮುಖಕ್ಕೆ ಯಾರದೋ ಬಿಸಿಲಿನ ಕ್ರೀಮು. ಐವತ್ತು ವರ್ಷ ಗದ್ದೆ ನೆಟ್ಟ ಮುಖಕ್ಕೆ ಈಗ ಕ್ರೀಮು! ಹುರಿದು ಮುಗಿದ ಮೀನಿಗೆ ಅರಿಶಿನ ಹಚ್ಚಿದ ಹಾಗೆ! ಕಂಕುಳಲ್ಲಿ ಗಾಳಿ ತುಂಬಿದ ಹಳದಿ ಬಾತುಕೋಳಿ, ಒಂದು ಕುರಿಮರಿಯಷ್ಟು ದೊಡ್ಡದು.

"ಗಾಳಿ ಬಿಟ್ಟು ಮಡಚ್ಕಂಡು ಬರುಕಾಗುದಿಲ್ವನೆ?" ಎಂದೆ.

"ಬಿಟ್ರೆ ಮತ್ತೆ ಊದುದು ಯಾರು? ನೀನಾ?"

ಹೆಂಗಸರಿಗೆ ಬಸ್ಸು ಫ್ರೀ ಆದ ವರ್ಷ ಕಂಡಕ್ಟರ್ ಕೇಳಿದನಂತೆ: "ಅಜ್ಜಿ, ಬಾತುಕೋಳಿಗೆ ಟಿಕೇಟು?" ಇವಳು ಹೇಳಿದಳಂತೆ: "ಇದು ಹೆಣ್ಣು ಬಾತುಕೋಳಿ. ಹೆಂಗಸ್ರಿಗೆ ಫ್ರೀ ಅಲ್ದಾ?" ಬಸ್ಸಿಗೆ ಬಸ್ಸೇ ನಕ್ಕಿತಂತೆ.

ಆ ಮೊದಲ ವರ್ಷ ಬಂದವಳು ಒಳಗಾದರೂ ಬಂದಳೇ? ಇಲ್ಲ! ಜಗುಲಿಯಲ್ಲಿ ನಿಂತು ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು.

"ಎಂಟ್ರಿ ಮಾಡ್ಕೊ ಅತ್ಗೆ. ಎಂಟ್ರಿ ಆಗದೆ ರೂಮು ಕೊಡೂಕಿಲ್ಲ, ರೂಲ್ಸು."

ಹೆಸರು, ಊರು, ಬಂದ ಉದ್ದೇಶ. ನಾನು ಕಲಿತದ್ದು ಎರಡನೇ ಕ್ಲಾಸು. ನಾನೊಂದು ಹೆಸರು ಬರೆಯುವುದರೊಳಗೆ ಕುಚಲಕ್ಕಿ ಬೆಂದು ಅನ್ನವಾಗುತ್ತದೆ. ಉದ್ದೇಶದ ಹತ್ತಿರ ಬಂದಾಗ ಕೇಳಿದೆ: "ಎಂತಕ್ಕೆ ಬಂದೆ ಅಂತ ಬರೀಲಿ?"

"ಸುಮ್ಮನೆ ಅಂತ ಬರಿ."

"ಸುಮ್ಮನೆ ಯಾರಾದ್ರೂ ಬರ್ತಾರನೆ?"

ನಿಜ ತಾನೇ? ಅವಳ ಮನೆಗೆ ನಾನು ಹೋದದ್ದು ಅವಳ ಮದುವೆಗೆ, ಎರಡು ಬಾಣಂತನಕ್ಕೆ, ಅವಳ ಗಂಡ ಸತ್ತಾಗ. ಪ್ರತಿ ಸಲವೂ ಹೊಸ್ತಿಲು ದಾಟಿದವಳೇ ಸೀರೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದ್ದೇನೆ. ಹೋದ ಮನೆಯಲ್ಲಿ ಪಾತ್ರೆ ತೊಳೆಯದೆ ಬಂದ ಹೆಂಗಸು ನಮ್ಮ ಕಡೆ ಇದ್ದಾಳೆಯೇ?

ಇದ್ದಾಳೆ. ಬೆಳಗ್ಗೆ ಎಂಟಕ್ಕೆ ಚಾದರದೊಳಗಿಂದ ಅವಳ ಸ್ವರ: "ಅತ್ಗೆ, ಬ್ರೇಕ್‌ಫಾಸ್ಟು ಎಷ್ಟ್ ಗಂಟೆ ತನಕ ಇರ್ತದೆ?"

"ದನಕ್ಕೆ ಹಾಕುವ ತನಕ!"

ಮನೆಯೊಳಗೂ ಆ ಕಪ್ಪು ಕನ್ನಡಕ ತೆಗೆಯುವುದಿಲ್ಲ. "ಒಳಗೆ ಎಂತ ಬಿಸಿಲುಂಟೆ?" ಎಂದರೆ, "ಟೂರಿಸ್ಟು ತೆಗಿಯುದಿಲ್ಲ" ಎಂದು ಉತ್ತರ. ಮೀನಿನವಳು ಬುಟ್ಟಿ ಇಳಿಸಿದರೆ ಇವಳು ಬಗ್ಗಿ ನೋಡಿ, "ಇದು ಎಂತ ಮೀನು? ಮುಳ್ಳು ಉಂಟಾ?" ಎಂದು ಕೇಳುತ್ತಾಳೆ. ಬಂಗಡೆ ಮಾರಾಯ್ರೆ! ಹಲ್ಲು ಬರುವ ಮೊದಲೇ ಇವಳು ಚೀಪಿದ ಬಂಗಡೆ! ಮೀನಿನವಳು ನನ್ನ ಕಿವಿಯಲ್ಲಿ, "ಘಟ್ಟದ ಮೇಲಿನವ್ರಾ? ಪಾಪ" ಎಂದಳು. ಆ ದಿನ ನಾದಿನಿಗೆ ಆದ ಸಂತೋಷ ಅವಳ ಮದುವೆ ದಿನವೂ ಆಗಿರಲಿಲ್ಲ. ನಾನು ನೋಡಿದ್ದೇನಲ್ಲ.

ಸಂಜೆ ದಂಡೆಗೆ. ಪಾದ ಮುಳುಗುವಷ್ಟು ನೀರಿನಲ್ಲಿ ಬಾತುಕೋಳಿ ಇಟ್ಟು, ಸೀರೆ ಕಚ್ಚೆ ಹಾಕಿ, ಅದರ ಮೇಲೆ ರಾಣಿಯ ಹಾಗೆ ಕೂತಳು. ಒಂದು ತೆರೆ ಬಂತು ನೋಡಿ! ಬಾತುಕೋಳಿ ಮೇಲೆ, ನಾದಿನಿ ಕೆಳಗೆ. ಮರಳು ಉಗುಳುತ್ತ ಎದ್ದು ಸಮುದ್ರಕ್ಕೇ ಬೆರಳು ತೋರಿಸಿದಳು: "ಒಂದು ಸ್ಟಾರ್ ಕಟ್!"

ಹೌದು, ಸ್ಟಾರು. ಪ್ರವಾಸಿಗರು ಇವಳ ದೋಸೆಗೆ ಫೋನಿನಲ್ಲಿ ಸ್ಟಾರು ಕೊಡುತ್ತಾರಲ್ಲ, ಇವಳು ಹೊರಡುವ ದಿನ ನಮ್ಮ ಮನೆಗೆ ಕೊಡುತ್ತಾಳೆ. ಪ್ರತಿ ವರ್ಷವೂ ನಾಲ್ಕೇ. "ಊಟ, ಹಾಸಿಗೆ, ಗಾಳಿ ಎಲ್ಲಾ ಫಸ್ಟ್ ಕ್ಲಾಸು. ಮನೆಯವಳ ಬಾಯಿ ಜೋರು."

ಹೀಗೆ ಆರು ವರ್ಷ ನಡೆಯಿತು. ಕಳೆದ ಡಿಸೆಂಬರಿನಲ್ಲಿ, ಅವಳು ಬರಲು ನಾಲ್ಕು ದಿನ ಇರುವಾಗ, ನಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ. ಬಲಗೈ ಮುರಿಯಿತು, ಪ್ಲಾಸ್ಟರ್ ಬಿತ್ತು. ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಟೆಂಪೋ ಓಡಿಸುವ ಮಗ ಸೀಸನ್ನಿನಲ್ಲಿ ಮನೆಯ ದಾರಿಯನ್ನೇ ಮರೆಯುತ್ತಾನೆ. ನಾದಿನಿಗೆ ಫೋನು ಮಾಡಿದೆ.

"ಈ ಸಲ ಬರೂದು ಬೇಡ. ನಂಗೇ ಅನ್ನ ಕಲಸೂಕೆ ಕೈಯಿಲ್ಲ, ನಿನ್ನ ಚಾಕರಿ ಯಾರು ಮಾಡ್ತಾರೆ?"

ಅವಳು ಫೋನು ಇಟ್ಟೇ ಬಿಟ್ಟಳು. ವರ್ಷಕ್ಕೆ ಅವಳಿಗೆ ಇದ್ದದ್ದೇ ಹತ್ತು ದಿನ. ಅದೂ ಹೋಯಿತು. ನಾನೇನು ಬೇಕೆಂದು ಬಿದ್ದೆನೇ?

ಮರುದಿನ ಹನ್ನೊಂದರ ಬಸ್ಸಿಗೆ ಪ್ರತ್ಯಕ್ಷ! ಈ ಸಲ ಎಂಟ್ರಿ ಕೇಳಲಿಲ್ಲ, ಸೀದಾ ಒಳಗೆ ಬಂದು ನನ್ನ ಸೀರೆಗಳನ್ನು ಚೀಲಕ್ಕೆ ತುರುಕಿದಳು. ದನವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಳು.

"ಎಲ್ಲಿಗೆ?"

"ಟ್ರಿಪ್ಪಿಗೆ."

ಟೋಪಿ ನನ್ನ ತಲೆಗೆ, ಕನ್ನಡಕ ನನ್ನ ಕಣ್ಣಿಗೆ, ಬಾತುಕೋಳಿ ನನ್ನ ಎಡಗೈಗೆ. ಕಂಡಕ್ಟರ್ ಅವನೇ. "ಓಹೋ, ಬಾತುಕೋಳಿಗೆ ಯಜಮಾನ್ತಿ ಬದಲಾದ್ರಾ?" ಎಂದ. ಕಿಟಕಿ ಬದಿಯ ಸೀಟು ನನಗೇ. ಹೊನ್ನಾವರದ ಸೇತುವೆ ಬಂತು. ಶರಾವತಿ ತುಂಬ ದೋಣಿಗಳು, ದೋಣಿ ತುಂಬ ಕೈ ಬೀಸುವ ಜನ! ನಾನೂ ಬಾತುಕೋಳಿ ಬೀಸಿದೆ! ಆ ಸೇತುವೆ ಎಷ್ಟೋ ಸಲ ದಾಟಿದ್ದೇನೆ, ಹೊಳೆ ಇಷ್ಟು ಅಗಲ ಎಂದು ಗೊತ್ತೇ ಇರಲಿಲ್ಲ. ಸಾವಿನ ಮನೆಗೆ ಹೋಗುವವರು ಕಿಟಕಿಯಲ್ಲಿ ನೋಡುತ್ತಾರೆಯೇ?

ಹೊಳನಗದ್ದೆಯಲ್ಲಿ ಅವಳ ಮಗ ಮುಖ ದಪ್ಪ ಮಾಡಿಕೊಂಡು ನಿಂತಿದ್ದ. "ಆಯಿ, ಸಮುದ್ರ ಕಾಣೂ ರೂಮು ಬುಕ್ ಆಗಿತ್ತು!"

"ಗೊತ್ತುಂಟು. ಅವ್ರಿಗೆ ಆಚೆಮನೆಯಲ್ಲಿ ರೂಮು ಮಾಡಿ ಕೊಟ್ಟಾತು. ಅಡುಗೆಯವಳಿಗೂ ಬರೂದು ಬೇಡ ಅಂದಿದ್ದೆ. ಈ ಸಲ ನಾನೇ ಮಾಡ್ತೆ."

ನಾನು ಅಭ್ಯಾಸಬಲದಿಂದ ಎಡಗೈಯಲ್ಲಿ ಸೀರೆ ಎತ್ತಿ ಅಡುಗೆಮನೆಗೆ ನಡೆದೆ. ಅವಳು ಸೌಟು ಅಡ್ಡ ಹಿಡಿದಳು. "ಗೆಸ್ಟಿಗೆ ಒಳಗೆ ಪ್ರವೇಶ ಇಲ್ಲ. ಮೊದ್ಲು ಎಂಟ್ರಿ."

ಮಗನ ದಪ್ಪ ರಿಜಿಸ್ಟರು ತಂದು ಎದುರು ಕೂತಳು. ನನ್ನ ಕೈಗೆ ಪ್ಲಾಸ್ಟರು, ಹಾಗಾಗಿ ಅವಳೇ ಬರೆದಳು. ಹೆಸರು ಬರೆದಳು. ಊರು ಬರೆದಳು. ಆಮೇಲೆ ಪೆನ್ನು ನಿಂತಿತು.

"ಕೈ ಮುರಿದದ್ದಕ್ಕೆ ಅಂತ ಬರಿ" ಎಂದೆ.

ಅವಳು ತಲೆ ಎತ್ತಲಿಲ್ಲ. ಒತ್ತಿ ಒತ್ತಿ ಏನೋ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸು. ಮ್ಮ. ನೆ.

ಓದಿ ಆದ ಮೇಲೂ ನಾನು ಪುಸ್ತಕ ನೋಡುತ್ತಲೇ ಕೂತಿದ್ದೆ.

"ಕನ್ನಡಕ ತೆಗಿ ಅತ್ಗೆ, ಒಳಗೆ ಎಂತ ಬಿಸಿಲುಂಟು?" ಎಂದಳು.

"ಇರಲಿ" ಎಂದೆ. "ಟೂರಿಸ್ಟು ತೆಗಿಯುದಿಲ್ಲ."